ಮೇಡಂ ಕಟ್ಟಿದ ಮಾತಿನ ಪೆಟ್ಟಿಗೆ

ಕಳೆದ ತಿಂಗಳು ನಮ್ಮ ವಿಭಾಗದ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಅವರ ಶಿಸ್ತಿನ ಬಗ್ಗೆ ಮಾತಾಡಿದರು, ನಾನು ಅವರ ಪಾಠದ ಬಗ್ಗೆ ಮಾತಾಡಿದೆ, ಹಳೆಯ ವಿದ್ಯಾರ್ಥಿಯೊಬ್ಬ ಲ್ಯಾಬಿನಲ್ಲಿ ಅವರಿಂದ ಹೇಳಿಸಿಕೊಂಡದ್ದನ್ನು ನೆನೆದು ಎಲ್ಲರನ್ನೂ ನಗಿಸಿದ. ಅವರು ಮನೆಯಲ್ಲಿ ಕಟ್ಟಿದ್ದ ಆ ಚಿಕ್ಕ ಕಂಪ್ಯೂಟರಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ವಿಭಾಗದಲ್ಲಿ ಎಲ್ಲರಿಗೂ ಅದು ಅಷ್ಟಿಷ್ಟು ಗೊತ್ತು, ಆದರೆ ಹಾರ ಹಾಕುವ ಹೊತ್ತಿನಲ್ಲಿ ಆಡುವ ಮಾತಲ್ಲ. ಹತ್ತಿರದಿಂದ ಕಂಡವನು ನಾನು. ಬರೆದಿಡಬೇಕು ಅನ್ನಿಸಿದೆ.

ನಾನು ಹುಬ್ಬಳ್ಳಿಯ ಆ ಪಾಲಿಟೆಕ್ನಿಕ್ಕಿಗೆ ಎಲೆಕ್ಟ್ರಾನಿಕ್ಸ್ ಕಲಿಸಲು ಸೇರಿದಾಗ ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೇಡಂ ಆಗಲೇ ಹಿರಿಯರು, ಮೈಕ್ರೋಪ್ರೊಸೆಸರ್ ಲ್ಯಾಬು ಅವರದು. ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರು ಕೂತಿರುವ ಕಿಟ್‌ಗಳು ಅಲ್ಲಿದ್ದವು. ಒತ್ತಲು ಒಂದಷ್ಟು ಗುಂಡಿಗಳು, ಕೆಂಪಗೆ ಬೆಳಗುವ ಅಂಕಿಗಳು, ಅಷ್ಟೇ. ಮೇಡಂ ಸೆರಗಿನ ಪಿನ್ನು ತೆಗೆದು, ಚಿಪ್ಪಿನ ಬಾಗಿದ ಕಾಲುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಪಿನ್ನನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಳ್ಳುವರು. ಪರೀಕ್ಷೆಯಲ್ಲಿ ಹುಡುಗರು ಪ್ರೋಗ್ರಾಂ ನಡೆಸಿ ತೋರಿಸುತ್ತಿರುವಾಗ ಹೇಳದೆ ಕೇಳದೆ ಸ್ವಿಚ್ ಆರಿಸಿ ಮತ್ತೆ ಹಾಕುವುದು ಅವರ ಪದ್ಧತಿ. ಹುಡುಗ ಪೆಚ್ಚಾಗಿ ನಿಂತರೆ, "ಕರೆಂಟ್ ಹೋಗೂದಿಲ್ಲಂತ ನಿಮಗ ಯಾರ ಹೇಳ್ಯಾರ್ರಿ?" ಎಂದು ತಣ್ಣಗೆ ಕೇಳುವರು. ವಿದ್ಯಾರ್ಥಿಗಳಿಗೂ ಬಹುವಚನ. ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ.

ಆ ಮನೆಯ ದನಿಯನ್ನೆಲ್ಲ ಅವರ ಯಜಮಾನರೇ ತೆಗೆದುಕೊಂಡಿದ್ದರು. ತಮ್ಮನ ಜೊತೆ ಮಾರುಕಟ್ಟೆಯಲ್ಲಿ ಹತ್ತಿಯ ಅಡತಿ ಅಂಗಡಿ ನಡೆಸುತ್ತಿದ್ದರು. ರೈತರು ತಂದ ಮಾಲಿಗೆ ಹರಾಜು ಕೂಗುವವರು ಅವರೇ. ಎಲ್ಲರಿಗೂ ಅವರು ಸಾವಕಾರರು. ಸಂಜೆ ಮೇಡಂ ಅವರನ್ನು ಬೆಂಗೇರಿಯ ಮನೆಗೆ ಕರೆದೊಯ್ಯಲು ಮೋಟಾರ್ ಸೈಕಲ್ ಮೇಲೆ ಬಂದರೆ, ಗೇಟಿನಲ್ಲಿ ವಾಚ್‌ಮನ್ ಜೊತೆ ಆಡುವ ಮಾತು ಮಹಡಿಯ ಮೇಲಿನ ಸ್ಟಾಫ್ ರೂಮಿಗೆ ಕೇಳುತ್ತಿತ್ತು. "ನಮ್ಮನಿಯವರು ಬಂದ್ರು, ಊರಿಗೆಲ್ಲಾ ಗೊತ್ತಾತು" ಎಂದು ಮೇಡಂ ಪುಸ್ತಕ ಮುಚ್ಚಿ ಏಳುವರು. ಮಕ್ಕಳಿರಲಿಲ್ಲ. ಮನೆಯಲ್ಲಿ ಸಾವಕಾರರ ತಾಯಿ ಮತ್ತು ಇವರಿಬ್ಬರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ದನಿ ಎಡವತೊಡಗಿತು. ಹರಾಜಿನಲ್ಲಿ ಅಂಕಿಗಳು ನಾಲಿಗೆಗೆ ಅಂಟಿಕೊಳ್ಳುತ್ತಿದ್ದವು. ಮುಂಜಾನೆಯೇ ಕುಡಿದು ಬಂದಿದ್ದಾರೆ ಎಂದು ಯಾರೋ ಆಡಿಕೊಂಡರು. ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ ಆ ಮಾತು ಕಿವಿಗೆ ಬಿದ್ದ ಮೇಲೆ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಕೆಲವು ತಿಂಗಳಲ್ಲಿ ಕೈಯಿಂದ ಲೋಟ ಜಾರತೊಡಗಿತು. ನರಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ, ಬುದ್ಧಿಗೆ ಏನೂ ಆಗುವುದಿಲ್ಲ, ಕೊನೆಗೆ ಉಸಿರಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರಂತೆ. ಇದನ್ನು ಮೇಡಂ ನನಗೆ ಹೇಳಿದ್ದು ಲ್ಯಾಬಿನಲ್ಲಿ, ವೈರು ಸುತ್ತುತ್ತ, ತಲೆ ಎತ್ತದೆ. "ಬುದ್ಧಿಗೆ ಏನೂ ಆಗೂದಿಲ್ಲಂತ್ರಿ ಸರ" ಎನ್ನುವಷ್ಟನ್ನು ಮಾತ್ರ ಮತ್ತೆ ಹೇಳಿದರು. ಅದೇ ಅವರನ್ನು ಹೆಚ್ಚು ಹೆದರಿಸಿದಂತೆ ಕಂಡಿತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗುವಷ್ಟರಲ್ಲಿ ಸಾವಕಾರರ ಮಾತು ಪೂರ್ತಿ ನಿಂತಿತು, ಕೈಗಳೂ ನಿಂತವು. ಬಲಗಾಲಿನ ಹೆಬ್ಬೆರಳಿನಲ್ಲಿ ಕೊಂಚ ಬಲ ಉಳಿದಿತ್ತು. ಮೊದಮೊದಲು ಮೇಡಂ ರಟ್ಟಿನ ಮೇಲೆ ವರ್ಣಮಾಲೆ ಬರೆದು ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಅವರು ಕಣ್ಣು ಮುಚ್ಚುವರು. ಒಂದೆರಡಕ್ಷರ ಆಗುವಷ್ಟರಲ್ಲಿ ಎದುರಿಗಿದ್ದವರು ಮಿಕ್ಕದ್ದನ್ನು ತಾವೇ ಊಹಿಸಿ ಹೇಳಿಬಿಡುತ್ತಿದ್ದರು. "ನೀ" ಎಂದರೆ ನೀರು ಎನ್ನುವರು, ಅವರು ಹೇಳಹೊರಟದ್ದು "ನೀ ಉಂಡೇನು" ಎಂದಿರಬಹುದು. ಜೀವಮಾನವಿಡೀ ಬೇರೆಯವರ ಮಾತಿನ ನಡುವೆ ಬಾಯಿ ಹಾಕಿದ ಮನುಷ್ಯ ಆಗ ಕಣ್ಣು ಮುಚ್ಚಿದವರು ತೆರೆಯುತ್ತಲೇ ಇರಲಿಲ್ಲ.

ಆಗ ಮೇಡಂ ಒಂದು ಹಲಗೆ ತರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡದು. ಹವ್ಯಾಸಕ್ಕೆ ಇಂಥವುಗಳನ್ನು ಕಟ್ಟಿ ಆಡುವವರು ಆಗ ನಮ್ಮ ಕಡೆ ಬಹಳ ಕಡಿಮೆ. ಅದಕ್ಕೊಂದು ಸಣ್ಣ ಪರದೆ, ತಂತ್ರಾಂಶ ಇಡಲು ಕ್ಯಾಮೆರಾದಲ್ಲಿ ಹಾಕುವಂಥ ಒಂದು ಮೆಮೊರಿ ಕಾರ್ಡು, ಸಾವಕಾರರ ಹೆಬ್ಬೆರಳಿನ ಕೆಳಗೆ ಒಂದು ಗುಂಡಿ. ಕಟ್ಟುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು ಎನ್ನುವುದು. ಕಂಪ್ಯೂಟರು ಎಚ್ಚರಾದಾಗ ಮೊದಲು ಏಳುವ, ಉಳಿದದ್ದನ್ನೆಲ್ಲ ನಡೆಸುವ ತಂತ್ರಾಂಶ ಅದು.

ಇದ್ದವು ಎರಡು ದಾರಿ. ಒಂದು ಹಳೆಯ ಡಾಸ್. ಸ್ವಿಚ್ ಹಾಕಿದ ಕೂಡಲೇ ಎದ್ದು ನಿಲ್ಲುತ್ತದೆ. ಕರೆಂಟು ಎಷ್ಟು ಸಲ ಹೋಗಿ ಬಂದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಅದಕ್ಕೆ ಕನ್ನಡ ಬರುವುದಿಲ್ಲ. ಬೇಕಾದ ವಾಕ್ಯಗಳನ್ನು ಚಿತ್ರ ಬಿಡಿಸಿದಂತೆ ಬಿಡಿಸಿ ಇಡಬೇಕು. ಇನ್ನೊಂದು ಲಿನಕ್ಸ್. ಅದರಲ್ಲಿ ಕನ್ನಡ ಅಕ್ಷರಗಳು ಆಗಷ್ಟೇ ಬರತೊಡಗಿದ್ದವು. ಮನಸ್ಸಿಗೆ ಬಂದದ್ದನ್ನು ಬರೆಯಬಹುದು, ಬರೆದದ್ದನ್ನು ಉಳಿಸಿಡಬಹುದು. ಆದರೆ ಏಳಲು ತಡಮಾಡುತ್ತದೆ. ಬರೆದು ಉಳಿಸುತ್ತಿರುವಾಗ ಕರೆಂಟು ಹೋದರೆ ಕಾರ್ಡಿನ ಮೇಲಿನದು ಕೆಡಬಹುದು. ಮುಂದಿನ ಸಲ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ ಕೂರುತ್ತದೆ. ಬೆಂಗೇರಿಯಲ್ಲಿ ಬೇಸಿಗೆ ಬಂದರೆ ಕರೆಂಟು ಇರುವುದೇ ಅಪರೂಪ. ಬ್ಯಾಟರಿ ಇಟ್ಟಿದ್ದರು, ಅದೂ ತಾಸುಗಟ್ಟಲೆ ಎಳೆಯುವಂಥದ್ದಲ್ಲ.

ಮೇಡಂ ಡಾಸ್ ಆರಿಸಿದರು. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ವಾಕ್ಯಗಳನ್ನು ಬಿಡಿಸಿದರು. ನೀರು ಬೇಕು. ಮಗ್ಗಲು ಹೊರಳಿಸಿರಿ. ಸೊಳ್ಳೆ ಕಡಿಯುತ್ತಿದೆ. ಉಸಿರು ಕಟ್ಟುತ್ತಿದೆ. ದವಾಖಾನೆಗೆ ಒಯ್ಯಿರಿ. ಪರದೆಯ ಮೇಲೆ ವಾಕ್ಯಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದದ್ದು ಬಂದಾಗ ಹೆಬ್ಬೆರಳು ಒತ್ತಿದರೆ ಗಂಟೆ ಬಾರಿಸುತ್ತದೆ. ಅದನ್ನು ಹೂಡಿದ ಭಾನುವಾರ ನಾನು ಗೋಪನಕೊಪ್ಪದಿಂದ ಸೈಕಲ್ ಮೇಲೆ ಹೋಗಿದ್ದೆ. ಸಾವಕಾರರು ಮೊದಲು ನೀರು ಕೇಳಿದರು. ಅವರ ತಾಯಿ ನೀರು ಕುಡಿಸಿ, ಯಂತ್ರಕ್ಕೆ ಕೈ ಮುಗಿದರು. ಮೇಡಂ ಮುಖದಲ್ಲಿ ನಾನು ಅಂಥ ನಗೆ ಕಂಡದ್ದು ಅದೊಂದೇ ಸಲ.

ಒಂದು ತಿಂಗಳು ನಡೆಯಿತು. ಆಮೇಲೆ ಸಾವಕಾರರು ಗುಂಡಿ ಒತ್ತುವುದನ್ನು ಬಿಟ್ಟರು. ಹೆಬ್ಬೆರಳಿಗೆ ಶಕ್ತಿ ಇತ್ತು, ಮೇಡಂ ಪರೀಕ್ಷಿಸಿ ನೋಡಿದ್ದರು. ಕೊನೆಗೆ ರಟ್ಟು ಹಿಡಿದು ಯಾಕೆಂದು ಕೇಳಿದರೆ, ಬಹಳ ಹೊತ್ತು ತೆಗೆದುಕೊಂಡು ಅವರು ಹೇಳಿದ್ದು ಇಷ್ಟು: "ಇದರಾಗ ಎಲ್ಲಾ ನಿನ್ನ ಮಾತು."

ಮೇಡಂ ಇದನ್ನು ನನಗೆ ಹೇಳುವಾಗ ಅವರಿಗೆ ನೋವಾಗಿತ್ತು. ಅಷ್ಟು ಚುಕ್ಕೆ ಇಟ್ಟು ಬಿಡಿಸಿದವರು ಅವರು. ಆದರೂ ಹಟ ಹಿಡಿಯಲಿಲ್ಲ. ಇನ್ನೊಂದು ಕಾರ್ಡು ತಂದು ಅದರಲ್ಲಿ ಲಿನಕ್ಸ್ ಹಾಕಿದರು. ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತಿದ್ದವು. "ಅಕ್ಕ" ಎಂದು ಬರೆದರೆ ಕಕಾರಗಳೆರಡೂ ಜಗಳವಾಡಿದಂತೆ ದೂರ ದೂರ ನಿಲ್ಲುತ್ತಿದ್ದವು. ಅದನ್ನು ಸರಿ ಮಾಡುವುದರಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು. ಈಗ ವಾಕ್ಯಗಳ ಬದಲು ಅಕ್ಷರಗಳ ಸಾಲುಗಳು ಬೆಳಗತೊಡಗಿದವು. ಸಾವಕಾರರು ಬರೆದ ಮೊದಲ ಪೂರ್ತಿ ವಾಕ್ಯ, ಮದುವೆಯಾದಾಗಿನಿಂದ ಚಹಾಕ್ಕೆ ಸಕ್ಕರೆ ಹೆಚ್ಚಾಗುತ್ತಿದೆ ಎನ್ನುವುದು. ಮೇಡಂ ಓದಿ, "ಇಷ್ಟು ವರ್ಷ ಬಾಯಿ ಇದ್ದಾಗ ಯಾಕ ಹೇಳಲಿಲ್ರಿ?" ಎಂದು ಕೇಳಿದರಂತೆ. ನಿನ್ನೆ ಬರೆದದ್ದು ಇವತ್ತು ಇರಬೇಕು ಎನ್ನುವುದು ಸಾವಕಾರರ ಇನ್ನೊಂದು ಬೇಡಿಕೆ. ಹೀಗಾಗಿ ಯಂತ್ರ ಸದಾ ಕಾರ್ಡಿನ ಮೇಲೆ ಬರೆಯುತ್ತಲೇ ಇರುತ್ತಿತ್ತು. ಮೇಡಂ ಹೆದರುತ್ತಿದ್ದುದು ಅದಕ್ಕೇ.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಅವರು ಹೆದರಿದ್ದೇ ಆಯಿತು. ಮೇಡಂ ಕಾಲೇಜಿನಲ್ಲಿದ್ದರು. ಕರೆಂಟು ಹೋಗಿ ಬ್ಯಾಟರಿಯೂ ಮುಗಿದು, ಮತ್ತೆ ಕರೆಂಟು ಬಂದಾಗ ಯಂತ್ರ ಕೆಟ್ಟದ್ದನ್ನು ಸರಿಪಡಿಸಲಾಗದೆ, ಇಂಗ್ಲಿಷಿನಲ್ಲಿ ಏನೋ ಬರೆದು ಪಾಸ್‌ವರ್ಡ್ ಕೇಳುತ್ತ ನಿಂತಿತು. ಸಾವಕಾರರ ತಲೆ ದಿಂಬಿನಿಂದ ಜಾರಿ ಕತ್ತು ಎದೆಗೆ ಮಡಚಿಕೊಂಡಿತ್ತು. ಉಸಿರು ಸಿಕ್ಕಿಹಾಕಿಕೊಂಡಿತ್ತು. ಹೆಬ್ಬೆರಳು ಒತ್ತುತ್ತಲೇ ಇತ್ತು, ಗಂಟೆ ಬಾರಿಸಲಿಲ್ಲ. ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ತಾಯಿ ಮೊರ ಹುಡುಕಿಕೊಂಡು ಬಂದವರು ಕಂಡು ತಲೆ ಎತ್ತಿ ಹಿಡಿದರು. ಬರದಿದ್ದರೆ ಅಂದೇ ಮುಗಿಯುತ್ತಿತ್ತು.

ಮರುದಿನ ಮೇಡಂ ರಜೆ ಹಾಕಿ ಲಿನಕ್ಸ್ ಕಾರ್ಡು ತೆಗೆದು ಹಳೆಯದನ್ನು ಹಾಕಿದರು. ಸಾವಕಾರರು ಒತ್ತಲಿಲ್ಲ. ನೀರಿಗೂ ಒತ್ತಲಿಲ್ಲ. ಆ ಭಾನುವಾರ ನಾನು ಹೋದಾಗ ಇಬ್ಬರೂ ಸೋತು ಕೂತಿದ್ದರು. "ನೀವರ ಹೇಳ್ರಿ ಸರ ಇವರಿಗೆ. ಜೀವಕಿಂತ ಮಾತು ದೊಡ್ಡದೇನು?" ಎಂದರು ಮೇಡಂ. ಸಾವಕಾರರ ಕಣ್ಣು ರಟ್ಟಿನ ಕಡೆ ಹೋಯಿತು. ಮೇಡಂ ಹಿಡಿಯಲಾರೆ ಎಂದಾಗ ನಾನು ಹಿಡಿದೆ. ಒಂದೊಂದೇ ಅಕ್ಷರ ಬಂತು. ನಾನು ಎಲ್ಲಿಯೂ ಊಹಿಸಲಿಲ್ಲ.

"ದವಾಖಾನಿಗೆ ಒಯ್ರಿ ಅನ್ನೂದೈತಿ. ಒಯ್ಯಬ್ಯಾಡ್ರಿ ಅನ್ನೂದು ಎಲ್ಲೈತಿ?"

ನಾನು ಅದನ್ನು ಗಟ್ಟಿಯಾಗಿ ಓದಿದ ಮೇಲೆ ಮೇಡಂ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದಾಗ ಮುಖ ತೊಳೆದುಕೊಂಡಿದ್ದರು. ಕೈಯಲ್ಲಿ ಬಾಗಿಲ ಗಂಟೆ ಮತ್ತು ಒಂದಷ್ಟು ವೈರು ಇತ್ತು. ಕರೆಯಲು ಕಂಪ್ಯೂಟರೇ ಬೇಕಿಲ್ಲ, ಬರೀ ಬ್ಯಾಟರಿ ಸೆಲ್ಲಿನ ಗಂಟೆ ಸಾಕು, ಇಷ್ಟು ದಿನ ಇದು ತಲೆಗೆ ಹೊಳೆಯಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತ, ಸಾವಕಾರರ ಕಾಲಿನ ಹತ್ತಿರ ಇನ್ನೊಂದು ಗುಂಡಿ ಕೂರಿಸಿದರು. ಕಾರ್ಡನ್ನು ಸರಿಪಡಿಸಿ ಲಿನಕ್ಸನ್ನು ಮತ್ತೆ ಹಾಕಿದರು. ಯಾವ ಸಿಸ್ಟಂ ಎನ್ನುವ ಪ್ರಶ್ನೆ ಅಲ್ಲಿಗೆ ತೀರಿತು. ತೀರಿದ ಮೇಲೆ ಅದರ ಹಿಂದೆ ಇದ್ದದ್ದು ಎದುರಿಗೆ ಬಂತು.

ಎರಡು ವಾರದ ನಂತರ ಸಾವಕಾರರು ನನ್ನ ಎದುರಿಗೇ ಬರೆದರು. ನಾನು ಇರಬೇಕು ಎಂದು ಅವರೇ ಹೇಳಿಸಿದ್ದರು. ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದ್ದು ಬಿಸಿಲು ಇಳಿಯುವವರೆಗೆ ನಡೆಯಿತು. ಮಂಚದ ಆ ಕಡೆ ಮೇಡಂ, ಈ ಕಡೆ ನಾನು. "ಎದಿಯಾಗ ಹತ್ತಿ ತುಂಬಿದಾಗ ನನ್ನ ದವಾಖಾನಿಗೆ ಒಯ್ಯಬ್ಯಾಡ. ಗಂಟಲಾಗ ನಳಗಿ ಹಾಕಸಬ್ಯಾಡ. ಮನ್ಯಾಗ ನಿನ್ನ ಮುಂದ ಇರ್ತೇನಿ." ಹತ್ತಿಯ ವ್ಯಾಪಾರಿ, ಉಪಮೆಯೂ ಹತ್ತಿಯದೇ ಎಂದು ನಾವಿಬ್ಬರೂ ಅಂದುಕೊಂಡೆವು. ಮೇಡಂ ಓದಿ, "ಆತು" ಎಂದಷ್ಟೇ ಅಂದರು. ಅತ್ತೆಗೆ ಮಾತ್ರ ಹೇಳಲಿಲ್ಲ. ಹೇಳುವ ಬಾಯಿ ತಮಗಿಲ್ಲ ಎಂದರು.

ಆ ಮಾತಿನ ಹೊತ್ತು ಬಂದದ್ದು ಚಳಿಗಾಲದಲ್ಲಿ, ಒಂದು ಮುಂಜಾನೆ. ಗಂಟೆ ಬಾರಿಸಿತು. ಮೇಡಂ ಓಡಿಹೋದಾಗ ಪರದೆಯ ಮೇಲೆ ಆ ಮೂರು ವಾಕ್ಯಗಳಿದ್ದವು. ಉಸಿರಿಗೆ ಒದ್ದಾಡುತ್ತ ಅವರೇ ಅದನ್ನು ತೆರೆದಿಟ್ಟಿದ್ದರು. ಡಾಕ್ಟರು ಮನೆಗೆ ಬಂದು, ಒಯ್ದರೆ ಉಸಿರಾಟದ ಯಂತ್ರದ ಮೇಲೆ ಇನ್ನಷ್ಟು ದಿನ ಇಡಬಹುದು ಎಂದರು. ಮೇಡಂ ಬೇಡವೆಂದರು. ಡಾಕ್ಟರು ಸಂಕಟ ಕಡಿಮೆಯಾಗಲು ಒಂದು ಇಂಜೆಕ್ಷನ್ ಕೊಟ್ಟು ಮಂಚದ ಹತ್ತಿರ ಕೂತರು. ತಾಯಿ ಬಾಗಿಲಿಗೂ ಮಂಚಕ್ಕೂ ಅಡ್ಡಾಡುತ್ತ, ಗಾಡಿ ತರಿಸು ಎಂದು ಸೊಸೆಯನ್ನು ಕೇಳುತ್ತಲೇ ಇದ್ದರಂತೆ. ಮೇಡಂ ಗಂಡನ ಕೈ ಬಿಡಲಿಲ್ಲ, ಅತ್ತೆಗೆ ಉತ್ತರವನ್ನೂ ಕೊಡಲಿಲ್ಲ. ನಾನು ತಲುಪಿದಾಗ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಮರುದಿನ ಸಾವಕಾರರ ತಮ್ಮ ಎಲ್ಲರ ನಡುವೆ ಕೇಳಿದ. ಜಗಳಗಂಟನಲ್ಲ, ಅಣ್ಣನ ಮೇಲೆ ಜೀವ ಇಟ್ಟಿದ್ದವನು.

"ವೈನಿ, ಯಾಕ ಒಯ್ಯಲಿಲ್ರಿ?"

ಅವರೇ ಬೇಡ ಅಂದಿದ್ದರು ಎಂದು ಮೇಡಂ ಹೇಳಿದರು.

"ಮಷಿನ್ ಕಟ್ಟಿದವರು ನೀವು. ಅದರಾಗ ಏನ ಬರೀಬೇಕು ಅನ್ನೂದು ನಿಮ್ಮ ಕೈಯಾಗ ಇತ್ತಲ್ರಿ."

ಬರೆಯುವಾಗ ನಾನೂ ಇದ್ದೆ, ಕಣ್ಣಾರೆ ಕಂಡಿದ್ದೇನೆ ಎಂದು ನಾನು ಹೇಳಿದೆ. ಅವನು ನನ್ನ ಕಡೆ ತಿರುಗಿ, ನೀವು ಅವರ ಕಾಲೇಜಿನವರು ಸರ, ಎಂದು ಮೆಲ್ಲಗೆ ಅಂದ. ಮೇಡಂ ಎದ್ದು ಯಂತ್ರದ ಪೆಟ್ಟಿಗೆಯನ್ನು ಪಡಸಾಲೆಗೆ ತಂದು ಸ್ವಿಚ್ ಹಾಕಿದರು. ಅದು ತನ್ನ ರೂಢಿಯಂತೆ ತಡಮಾಡಿತು. ಬಿಳಿ ಅಕ್ಷರದ ಸಾಲುಗಳು ಏರುತ್ತ ಹೋದವು. ಅಷ್ಟು ಜನ ಬಂಧುಗಳು ಉಸಿರು ಹಿಡಿದು ಕಾದರು. ಕೊನೆಗೆ ಆ ವಾಕ್ಯಗಳು ಬಂದವು. ಮೇಡಂ ಪಾಠ ಓದಿದಂತೆ ಒಂದೇ ಸಲ ಓದಿದರು. ತಮ್ಮನ ಮುಖ ಬದಲಾಗಲಿಲ್ಲ. ಯಾರು ಬರೆದರೂ ಅಕ್ಷರ ಅವೇ ತಾನೇ?

ಗೋಡೆಗೆ ಒರಗಿದ್ದ ತಾಯಿ ಇನ್ನೊಮ್ಮೆ ಓದಲು ಹೇಳಿದರು. ಮೇಡಂ ಓದಿದರು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಸಣ್ಣ ಮಗನಿಗೆ ಹೇಳಿದರು.

"ಸಣ್ಣಾವ ಇದ್ದಾಗ ನಿಮ್ಮಣ್ಣಗ ಉಬ್ಬಸ ಇತ್ತು. ನೀ ಇನ್ನೂ ಹುಟ್ಟಿದ್ದಿಲ್ಲ. ಉಸಿರು ಹಿಡದಾಗ ಹಿಂಗ ಅಂತಿದ್ದ, ಯವ್ವಾ ಎದಿಯಾಗ ಹತ್ತಿ ತುಂಬೇತಿ ಅಂತ. ಇದು ಆಕಿಗೆ ಗೊತ್ತಿಲ್ಲ. ಮಾತು ಅವಂದ."

ಸಾವಕಾರರ ತಮ್ಮ ತಲೆ ತಗ್ಗಿಸಿದ. ನನ್ನ ಎದೆಯ ಭಾರ ಇಳಿದಂತಾಯಿತು. ಮೇಡಂ ಕೂಡ ಅತ್ತೆಯ ಕಡೆ ತಿರುಗಿದರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಕೊನೆಗೊಬ್ಬರು ತಮ್ಮ ಜೊತೆ ನಿಂತರು ಎನ್ನುವಂತಿತ್ತು. ಮುದುಕಿ ಮಾತು ಮುಗಿಸಿರಲಿಲ್ಲ.

"ಮಾತು ಅವಂದ ಖರೇ. ಆದ್ರ ಆ ಮಾತು ನೀ ಕೇಳಬಾರದಿತ್ತವಾ."

ಇದಾದ ಮೇಲೂ ಅತ್ತೆ ಸೊಸೆ ಅದೇ ಮನೆಯಲ್ಲಿ ಉಳಿದರು. ಸಣ್ಣ ಮಗ ಕರೆದರೂ ಮುದುಕಿ ಹೋಗಲಿಲ್ಲ, ಕಾರಣ ಯಾರಿಗೂ ಹೇಳಲಿಲ್ಲ. ಮೇಡಂ ಕಾಲೇಜಿಗೆ ಬಂದರು, ಮೊದಲಿನಂತೆಯೇ ಪಾಠ ಮಾಡಿದರು. ಒಂದು ಬದಲಾವಣೆ ನನಗೆ ಕಾಣುತ್ತಿತ್ತು. ಯಾವುದಾದರೂ ವಿಷಯದಲ್ಲಿ ತೀರ್ಮಾನ ಮಾಡುವಾಗ ತಡಮಾಡುತ್ತಿದ್ದರು, ಎಷ್ಟು ಸಣ್ಣ ವಿಷಯವಾದರೂ. ಕೆಲವು ವರ್ಷಗಳ ನಂತರ ಇಂಥ ಚಿಕ್ಕ ಹಲಗೆಗಳು ಪ್ರಾಜೆಕ್ಟಿಗೆ ಸಿಗತೊಡಗಿದಾಗ, ಒಬ್ಬ ವಿದ್ಯಾರ್ಥಿ ಇದಕ್ಕೆ ಯಾವ ಸಿಸ್ಟಂ ಒಳ್ಳೆಯದು ಎಂದು ಕೇಳಿದ. ಮೇಡಂ ಒಂದೊಂದರ ಗುಣದೋಷಗಳನ್ನು ಬೋರ್ಡ್ ತುಂಬ ಬರೆದು ವಿವರಿಸಿದರು. ಹಾಗಾದರೆ ನೀವು ಯಾವುದು ಆರಿಸುತ್ತೀರಿ ಎಂದು ಅವನು ಬಿಡದೆ ಕೇಳಿದಾಗ, "ಅದನ್ನ ನನ್ನ ಕೇಳಬ್ಯಾಡ್ರಿ" ಎಂದು ಸೀಮೆಸುಣ್ಣ ಇಟ್ಟು ಹೊರಗೆ ಹೋದರು.

ನನ್ನ ಹತ್ತಿರ ಒಂದೇ ಸಲ ಆ ಮಾತೆತ್ತಿದರು. ಧಾರವಾಡದಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯಾಚೆ ನೋಡುತ್ತ ಅವರಾಗಿಯೇ ಹೇಳಿದರು.

"ಡಾಸ್ ಇಟ್ಟಿದ್ರ ಅವರಿಗೆ ಹೇಳಾಕ ಬರ್ತಿದ್ದಿಲ್ಲ. ಹೇಳದಿದ್ರ ನಾ ಒಯ್ತಿದ್ದೆ. ಇನ್ನೊಂದಷ್ಟು ದಿನ ಇರ್ತಿದ್ರು." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು. "ಹೆಂಗ ಇರ್ತಿದ್ರು ಅನ್ನೂದು ಬ್ಯಾರೆ. ನಮ್ಮತ್ತಿಗೆ ಅಷ್ಟೂ ಸಾಕಿತ್ತು. ತಾಯಿ ಅಲ್ರಿ."

ನೀವು ಮಾಡಿದ್ದು ಸರಿ ಎಂದೆ. ನನ್ನ ಒಪ್ಪಿಗೆಗಾಗಿ ಅವರು ಹೇಳಿದ್ದಲ್ಲ ಎಂದು ನನಗೆ ಆಮೇಲೆ ಅರ್ಥವಾಯಿತು.

ನಿವೃತ್ತಿಯ ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಆಟೋದಲ್ಲಿ ಅವರನ್ನು ಬೆಂಗೇರಿಯ ಮನೆಗೆ ಬಿಡಲು ನಾನೇ ಹೋದೆ. ಮುದುಕಿ ಪಡಸಾಲೆಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿದೆ. ಶಾಲನ್ನು ಬೆರಳಿನಿಂದ ಸವರಿ, ಉಣ್ಣೆಯದೋ ಎಂದು ವಿಚಾರಿಸಿದರು. ಯಾರು ಯಾರು ಬಂದಿದ್ದರು, ಏನು ಊಟ ಹಾಕಿದರು ಎಂದೆಲ್ಲ ಕೇಳಿದರು. ಮೇಡಂ ನಿಧಾನವಾಗಿ ಎಲ್ಲಕ್ಕೂ ಉತ್ತರ ಕೊಟ್ಟರು.

"ಅಂದ್ರ ನಾಳಿಂದ ನೀ ಮನ್ಯಾಗ ಇರ್ತಿ?"

"ಇರ್ತೇನ್ರಿ ಅತ್ತಿ."

ಮುದುಕಿ ಯೋಚಿಸಿದರು. "ದಿನಾ ಪೂರ್ತಿ ಇಬ್ಬರಽ ಕುಂತು ಏನ ಮಾತಾಡೂದ?"

ಮೇಡಂ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನೀವ ಶುರು ಮಾಡ್ರಿ ಅತ್ತಿ," ಎಂದರು. "ನಾ ಕೇಳ್ತೇನಿ."

ಮುದುಕಿಯ ಕೈ ಶಾಲಿನ ಮೇಲೆ ನಿಂತಿತು. ಏನಾದರೂ ಹೇಳುತ್ತಾರೇನೋ ಎಂದು ನಾನು ಬಾಗಿಲಲ್ಲಿ ತಡೆದು ನಿಂತೆ. ಆಟೋದವನು ಹಾರ್ನ್ ಬಾರಿಸಿದ. ನಾನು ಬರುತ್ತೇನೆಂದು ಹೇಳಿ ಹೊರಟೆ.